ಬಲೆ ಬಿಡಿಸಿದ ಕೈ ಮತ್ತು ಮಗಳ ಗುಂಗುರು ಕೂದಲು

ನನಗೆ ಬಾರದ ಕೆಲಸಗಳು ಬಹಳ ಇವೆ. ಈಜು ಬರುವುದಿಲ್ಲ, ಸ್ಕೂಟರು ಬರುವುದಿಲ್ಲ, ಹಲಸಿನ ಹಣ್ಣು ಕೊಯ್ಯಲು ಕೂತರೆ ಅಂಗಿ, ಮೀಸೆ, ಬಾಗಿಲ ಚಿಲಕ ಎಲ್ಲಕ್ಕೂ ಅಂಟು. ಮರವಂತೆಯ ಕಡಲ ಬದಿಯಲ್ಲಿ ಹುಟ್ಟಿ ಈಜು ಬಾರದವನು ಬಹುಶಃ ನಾನೊಬ್ಬನೇ. ಆದರೆ ಒಂದು ವಿದ್ಯೆಯಲ್ಲಿ ಮಾತ್ರ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಲವತ್ತು ವರ್ಷ ತುಂಬುವವರೆಗೂ ನಂಬಿದ್ದೆ. ಅದು ಗಂಟು ಬಿಡಿಸುವ ವಿದ್ಯೆ!

ಈ ನಂಬಿಕೆಗೆ ಆಧಾರವಿತ್ತು. ಅಪ್ಪಯ್ಯ ಮೀನುಗಾರರು. ಮಳೆಗಾಲದಲ್ಲಿ ದೋಣಿ ದಡ ಹತ್ತಿ, ಬಲೆಗಳೆಲ್ಲ ಜಗಲಿಗೆ ಬಂದಾಗ, ನಾನೂ ಒಂದು ಮೂಲೆ ಹಿಡಿದು ಸಿಕ್ಕು ಬಿಡಿಸಲು ಕೂರುತ್ತಿದ್ದೆ. ಸಂಜೆ ಅಪ್ಪಯ್ಯ ಬಂದು ನೋಡಿ, ಎಲ್ಲರಿಗೂ ಕೇಳುವಂತೆ, "ಕೈ ಅಂದ್ರೆ ನಮ್ಮ ಸುರೇಶಂದ್ ಕೈ! ಇವ್ನ ಹಾಂಗೆ ಗಂಟ್ ಬಿಡ್ಸುವರ್ ಈ ಊರಗೇ ಇಲ್ಲೆ" ಎನ್ನುತ್ತಿದ್ದರು. ಮುಂದೆ ನಾನು ಓದಿ, ಕುಂದಾಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಅಲ್ಲೇ ಮನೆ ಮಾಡಿದೆ. ಕಚೇರಿಯಲ್ಲಿ ಯಾರೂ ನನ್ನನ್ನು ಹೊಗಳಿದ್ದಿಲ್ಲ. ಹಾಗಾಗಿ ಆ ಹಳೆಯ ಹೊಗಳಿಕೆಯನ್ನೇ ಸರ್ಟಿಫಿಕೇಟಿನಂತೆ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿದ್ದ ಕಾಲ. ನನ್ನ ಹೆಂಡತಿ ವನಜಳ ತಮ್ಮನಿಗೆ ಮದುವೆ ನಿಶ್ಚಯವಾಯಿತು. ಅವಳ ತವರು ಬ್ರಹ್ಮಾವರ. ಭಾನುವಾರ ಮದುವೆ, ಶನಿವಾರ ಸಂಜೆ ಮದರಂಗಿ. ವನಜ ಮಂಗಳವಾರವೇ ಹೋಗಬೇಕು. ನಮ್ಮ ಎಂಟು ವರ್ಷದ ಮಗಳು ಸ್ವಾತಿಗೆ ಶುಕ್ರವಾರದವರೆಗೆ ಶಾಲೆಯಲ್ಲಿ ಪರೀಕ್ಷೆ. ಆದ್ದರಿಂದ ಅವಳು ನನ್ನ ಸುಪರ್ದಿಗೆ.

ಇಲ್ಲಿ ಸ್ವಾತಿಯ ಕೂದಲಿನ ವಿಷಯ ಹೇಳಬೇಕು. ಅದು ಗುಂಗುರು. ಸಾಧಾರಣ ಗುಂಗುರಲ್ಲ, ಒದ್ದೆ ಇದ್ದಾಗ ಸೊಂಟದವರೆಗೆ, ಒಣಗಿದಾಗ ಭುಜದವರೆಗೆ! ಎರಡು ವರ್ಷದ ಹಿಂದೆ ನೆಂಟರ ಮದುವೆಯೊಂದರಲ್ಲಿ ಓರಗೆಯ ಹುಡುಗಿಯರೆಲ್ಲ ಮೊಗ್ಗಿನ ಜಡೆ ಹಾಕಿಸಿಕೊಂಡು ಬೀಗಿದ್ದರು. ಇವಳ ಕೂದಲು ಹೇನಿನ ಕಾಟಕ್ಕೆ ಕತ್ತರಿಸಿ ಮೋಟಾಗಿತ್ತು. ಅವತ್ತು ಫೋಟೋಕ್ಕೆ ನಿಲ್ಲದೆ, ಊಟದ ಹಾಲಿನ ಕಂಬದ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತ ಹುಡುಗಿ, ಅಂದಿನಿಂದ ಕೂದಲು ಬೆಳೆಸಲು ಪಣ ತೊಟ್ಟಿದ್ದಳು. ಪ್ರತಿ ಭಾನುವಾರ ಮಿಂದ ಕೂಡಲೇ ಸ್ಕೇಲು ಹಿಡಿದು ಅಳತೆ. ಒಣಗುವ ಮೊದಲೇ ಅಳೆಯಬೇಕು, ಆಮೇಲೆ ಅಳೆದರೆ ಅವಳು ಒಪ್ಪುತ್ತಿರಲಿಲ್ಲ. ಮಾವನ ಮದುವೆಗೆ ಮೊಗ್ಗಿನ ಜಡೆ ಎಂದು ಇಡೀ ಕೇರಿಗೆ ಸಾರಿದ್ದಳು.

ಮಂಗಳವಾರ ಬೆಳಿಗ್ಗೆ ವನಜ ಬ್ಯಾಗು ಹಿಡಿದು ಹೊಸ್ತಿಲಲ್ಲಿ ನಿಂತು ಸೂಚನೆ ಕೊಟ್ಟಳು. ನಾನು ಪೇಪರು ಓದುತ್ತಿದ್ದೆ.

"ಹ್ವಾಯ್, ಕೇಂತಾ? ಮಲ್ಗುವ ಮುಂಚೆ ಎರ್ಡ್ ಜಡೆ ಹಾಕ್ಕ್. ಬಿಟ್ಕಂಡ್ ಮಲ್ಗುಕಾಗ. ಬಾಚುಕೆ ಮುಂಚೆ ಎಣ್ಣಿ ಹಚ್ಚಿ. ಆ ಅಗ್ಲ ಹಲ್ಲಿನ ಬಾಚಣ್ಗಿಯಗೇ ಬಾಚಿ, ತುದಿಯಿಂದ..."

"ಆಯ್ತ್ ಮಾರಾಯ್ತಿ, ಬಸ್ಸ್ ತಪ್ತ್ ಕಾಣ್."

"ಗುಂಗ್ರ್ ನಿಮ್ಮ ಕಡೆದ್. ಎಂಟ್ ವರ್ಷ ಬಾಚದ್ದ್ ನಾನ್. ನಿಮ್ಗೆ ಗೊತ್ತಾತಿಲ್ಲೆ."

ನಾನು ಪೇಪರು ಮಡಚಿದೆ. ಎರಡೂ ಕೈ ಮುಂದೆ ಚಾಚಿ ಅವಳಿಗೆ ತೋರಿಸಿದೆ. "ಬಲೆ ಬಿಡ್ಸದ್ ಕೈ ಇದ್, ವನಜ!"

ವನಜ ಆ ಕೈಯನ್ನೂ ನನ್ನನ್ನೂ ಒಮ್ಮೆ ನೋಡಿ ಬಸ್ಸಿಗೆ ಹೋದಳು.

ಅಂದು ಮಲಗುವ ಹೊತ್ತಿಗೆ ಸ್ವಾತಿ ಎರಡು ರಬ್ಬರ್ ಬ್ಯಾಂಡು ಹಿಡಿದು ಬಂದಳು. ನಾನು ಯೋಚಿಸಿದೆ. ಇಡೀ ದಿನ ಬಿಗಿದು ಕಟ್ಟಿದ ಕೂದಲು, ಸ್ವಲ್ಪ ಗಾಳಿಯಾಡಬೇಡವೇ? ಬಲೆಯನ್ನಾದರೂ ಹರವಿ ಇಡುತ್ತೇವೆ, ಮುದ್ದೆ ಮಾಡಿ ಇಡುತ್ತೇವೆಯೇ? "ಬಿಟ್ಕಂಡೇ ಮಲ್ಗ್ ಮಗಾ" ಎಂದೆ. ಸ್ವಾತಿ ಮಲಗಿದರೆ ಗಡಿಯಾರದ ಮುಳ್ಳಿನಂತೆ ಚಾಪೆಯ ತುಂಬ ಸುತ್ತುವವಳು. ಬೆಳಿಗ್ಗೆ ಎದ್ದಾಗ ಅವಳ ಕೂದಲಿನಲ್ಲಿ ದಿಂಬಿನ ಹತ್ತಿ, ಒಂದು ಬಳೆ ಮತ್ತು ಮೂರು ಗಂಟುಗಳಿದ್ದವು.

ಗುಮಾಸ್ತನ ಬುದ್ಧಿ ನೋಡಿ, ಮೊದಲು ಸ್ಥಳ ತನಿಖೆ ಮಾಡಿದೆ. ಎಡಗಿವಿಯ ಹಿಂದೆ ನೆಲ್ಲಿಕಾಯಿ ಗಾತ್ರದ್ದು ಒಂದು. ಬಲಬದಿಯಲ್ಲಿ ಅಡಿಕೆ ಗಾತ್ರದ್ದು. ಕುತ್ತಿಗೆಯ ಮೇಲೆ ಚಪ್ಪಟೆಯಾಗಿ, ಆಕಾರ ಹೇಳಲಾಗದ ಒಂದು. ಆ ಅಗಲ ಹಲ್ಲಿನ ಬಾಚಣಿಗೆ ಹುಡುಕಿದರೆ ಸಿಗಲಿಲ್ಲ. ನನ್ನ ಅಂಗಿ ಜೇಬಿನ ಸಣ್ಣ ಬಾಚಣಿಗೆ ತೆಗೆದು, ನೆತ್ತಿಗೆ ಇಟ್ಟು, ಧೈರ್ಯವಾಗಿ ಕೆಳಕ್ಕೆ ಎಳೆದೆ. ಎಲ್ಲ ಕೆಲಸಕ್ಕೂ ಮೇಲಿನಿಂದ ಕೆಳಕ್ಕೆ ಬರುವ ಕ್ರಮ ಇದೆಯಲ್ಲ! ಆದೇಶವೂ ಹಾಗೆಯೇ ಬರುವುದು.

ಬಾಚಣಿಗೆ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಮತ್ತೆ ಎಳೆದೆ. ಅಲ್ಲಲ್ಲಿ ಚದುರಿದ್ದ ಸಣ್ಣ ಪುಟ್ಟ ಸಿಕ್ಕೆಲ್ಲ ಜಾರಿಕೊಂಡು ಬಂದು ಆ ನೆಲ್ಲಿಕಾಯಿಯನ್ನು ಸೇರಿಕೊಂಡಿತು. ಸ್ವಾತಿ "ಅಯ್ಯಯ್ಯೋ" ಎಂದಳು. ಇನ್ನೊಂದು ಸಲ ಎಳೆದೆ. ಟಕ್! ಬಾಚಣಿಗೆಯ ಐದು ಹಲ್ಲು ಕೂದಲೊಳಗೇ ಉಳಿದವು.

ಕೂಗು ಕೇಳಿ ಪಕ್ಕದ ಮನೆಯ ಗಿರಿಜಕ್ಕ ಕಂಪೌಂಡಿನ ಮೇಲಿಂದ ಮುಖ ಹಾಕಿದರು. "ಎಂತ ಆಯ್ತಾ ಸುರೇಶ? ಹೆಣ್ಣನ್ನ ಇತ್ಲಾಗ್ ಕಳ್ಸ್. ನಾನ್ ಬಾಚ್ತೆ."

ಅಂದೇ ಕಳಿಸಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಆದರೆ ಗಿರಿಜಕ್ಕನಿಗೆ ಗೊತ್ತಾದದ್ದು ಹತ್ತು ನಿಮಿಷದಲ್ಲಿ ಫೋನಿನ ಮೂಲಕ ಬ್ರಹ್ಮಾವರ ತಲುಪುತ್ತದೆ. "ಎಂತ ಇಲ್ಲೆ ಗಿರಿಜಕ್ಕ, ಎಲ್ಲ ಕೆಲ್ಸ ನಡೀತ್ ಇತ್ತ್" ಎಂದು ಕಚೇರಿಯಲ್ಲಿ ಬಂದವರಿಗೆ ಹೇಳುವ ಉತ್ತರವನ್ನೇ ಹೇಳಿದೆ. ಗಂಟಿನ ಮೇಲೆ ರಿಬ್ಬನ್ ಸುತ್ತಿ ಸ್ವಾತಿಯನ್ನು ಪರೀಕ್ಷೆಗೆ ಕಳಿಸಿದೆ.

ಸಂಜೆ ತಲೆಗೆ ಸ್ನಾನ ಮಾಡಿಸುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವನು ನಾನೇ. ಎರಡು ಪ್ಯಾಕೆಟ್ ಶಾಂಪೂ ಹಾಕಿ, ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಮಾಡಿ, ಬಟ್ಟೆ ಒಗೆದಂತೆ ತಿಕ್ಕಿದೆ. ಆಮೇಲೆ ದೊರಗು ಟವೆಲಿನಲ್ಲಿ ಗಸಗಸ ಉಜ್ಜಿ ಒರೆಸಿದೆ. ಮಗುವಿಗೆ ಶೀತ ಆಗಬಾರದಲ್ಲ! ಒಣಗಿದ ಮೇಲೆ ಮತ್ತೊಮ್ಮೆ ತನಿಖೆ ಮಾಡಿದಾಗ, ನೆಲ್ಲಿಕಾಯಿಗೆ ನಿಂಬೆಹಣ್ಣಾಗಿ ಬಡ್ತಿ ಸಿಕ್ಕಿತ್ತು. ಅಡಿಕೆ ಖಾಲಿ ಬಿದ್ದ ನೆಲ್ಲಿಕಾಯಿ ಹುದ್ದೆಗೆ ಬಂದಿತ್ತು. ಚಪ್ಪಟೆಯದ್ದು ಅಕ್ಕಪಕ್ಕದ ಜಾಗವನ್ನೂ ಒತ್ತುವರಿ ಮಾಡಿತ್ತು.

"ಅಪ್ಪ, ಅಮ್ಮ ಒರ್ಸುದಿಲ್ಲೆ. ಹಳೆ ತೆಳು ಬೈರಾಸ್ ಬಟ್ಟೆ ಸುತ್ತಿ ಸುಮ್ನೆ ಹಿಂಡ್ತ್ರ್" ಎಂದಳು ಸ್ವಾತಿ.

"ಇದನ್ನ ಮೊದ್ಲೇ ಹೇಳುಕಾತಿಲ್ಯಾ?"

"ಹೇಳ್ದೆ. ನಿಮ್ಗೆ ಟವೆಲ್ ಸದ್ದಿಗೆ ಕೇಳ್ಲಿಲ್ಲೆ."

ಗುರುವಾರ ನನಗೆ ಜ್ಞಾನೋದಯವಾಯಿತು. ನಾನು ಇಷ್ಟು ದಿನ ಕೂದಲನ್ನು ಕೂದಲೆಂದು ನೋಡುತ್ತಿದ್ದೆ. ಅಲ್ಲೇ ತಪ್ಪು. ಅದನ್ನು ಬಲೆ ಎಂದು ನೋಡಬೇಕು! ಅಪ್ಪಯ್ಯ ದೊಡ್ಡ ಬಲೆಯ ಸಿಕ್ಕು ಬಿಡಿಸುವಾಗ ಅದನ್ನು ಎರಡು ಕಂಬಗಳ ನಡುವೆ ಹಗ್ಗಕ್ಕೆ ತೂಗುಹಾಕುತ್ತಿದ್ದರು. ಹರವಿ ತೂಗಿದರೆ ಎಳೆ ಯಾವುದು, ಗಂಟು ಯಾವುದು ಎಂದು ಕಣ್ಣಿಗೆ ಕಾಣುತ್ತದೆ. ನಮ್ಮ ಜಗಲಿಯಲ್ಲಿ ಹಗ್ಗವಿತ್ತು, ಬಟ್ಟೆ ಒಣಗಿಸುವುದು. ಕ್ಲಿಪ್ಪುಗಳೂ ಇದ್ದವು.

ಕಚೇರಿಯಿಂದ ಬೇಗ ಬಂದು ಸ್ವಾತಿಯನ್ನು ಹಗ್ಗದ ಕೆಳಗೆ ಎತ್ತರದ ಸ್ಟೂಲಿನ ಮೇಲೆ ಕೂರಿಸಿದೆ. ಕೂದಲನ್ನು ಹದಿನಾಲ್ಕು ಭಾಗ ಮಾಡಿ, ಹದಿನಾಲ್ಕು ಕ್ಲಿಪ್ಪು ಹಾಕಿ ಹಗ್ಗಕ್ಕೆ ಕಚ್ಚಿಸಿದೆ. ಒಂದು ಕಡೆ ನನ್ನ ಪ್ಯಾಂಟು, ಇನ್ನೊಂದು ಕಡೆ ಬನಿಯನ್ನು, ನಡುವೆ ನನ್ನ ಮಗಳು. ಕೆಲಸ ಅಚ್ಚುಕಟ್ಟಾಗಿ ಕಂಡಿತು. ಅವಳು ಕೈಯಲ್ಲಿ ಸಮಾಜ ಪುಸ್ತಕ ಹಿಡಿದು ಮರುದಿನದ ಪರೀಕ್ಷೆಗೆ ಓದುತ್ತಿದ್ದಳು. ನಾನು ಹೊಲಿಗೆ ಸೂಜಿ ತೆಗೆದುಕೊಂಡು ನಿಂಬೆಹಣ್ಣಿನ ಸುತ್ತ ಕಾರ್ಯಾಚರಣೆ ಆರಂಭಿಸಿದೆ. ಎರಡು ಎಳೆ ಬಿಡಿಸಿಯೂ ಬಿಟ್ಟೆ, ನಿಜವಾಗಿಯೂ!

ಅಷ್ಟರಲ್ಲಿ ಒಳಗೆ ಫೋನು ಹೊಡೆದುಕೊಂಡಿತು.

"ಅಮ್ಮ!" ಎಂದು ಸ್ವಾತಿ ಸ್ಟೂಲಿನಿಂದ ಹಾರಿದಳು.

ಹಗ್ಗ ಕಟ್ಟಿದ್ದ ಮೊಳೆ ನಾನು ಹೊಡೆದದ್ದು, ಹಾಗಾಗಿ ತಕ್ಷಣ ಕಿತ್ತು ಬಂತು. ಹಗ್ಗ, ಪ್ಯಾಂಟು, ಬನಿಯನ್ನು, ಎರಡು ಪೆಟಿಕೋಟು ಎಲ್ಲವೂ ಮೆರವಣಿಗೆಯಲ್ಲಿ ಅವಳ ಹಿಂದೆ ಒಳಗೆ ಹೋದವು. ನಾನು ಸೂಜಿ ಹಿಡಿದು ಓಡುವ ಹೊತ್ತಿಗೆ ಅವಳು ಫೋನು ಎತ್ತಿಯಾಗಿತ್ತು.

"ಅಮ್ಮ, ನಾನ್ ಹಗ್ಗದಗೆ ಇದ್ದಿದ್ದೆ. ಈಗ ಬಂದೆ."

ನಾನು ಫೋನು ಕಸಿದುಕೊಂಡೆ. "ಎಂತ ಇಲ್ಲೆ, ವನಜ. ಬಟ್ಟೆ ತೆಗೀತ್ ಇದ್ದಿತ್."

"ಅವ್ಳ್ ಹಗ್ಗದಗೆ ಅಂದ್ಲಲೆ?"

"ಬಟ್ಟೆ. ಹಗ್ಗದಗೆ ಬಟ್ಟೆ."

"ಕೂದ್ಲ್ ಹ್ಯಾಂಗಿತ್ತ್? ಮೊಗ್ಗಿಗೆ ಹೇಳಿ ಆಯ್ತ್. ಜಡೆ ಕಟ್ಟುಕೆ ಹೆಂಗ್ಸ್ ಆಯ್ತಾರ ಬೆಳಿಗ್ಗೆ ಆರ್ ಗಂಟಿಗೆ ಬತ್ರ್."

"ಕೂದ್ಲ್ ಫಸ್ಟ್ ಕ್ಲಾಸ್!" ಎಂದೆ. ಫೋನು ಇಟ್ಟ ಮೇಲೆ ಸ್ವಾತಿ ನನ್ನನ್ನೇ ನೋಡುತ್ತಿದ್ದಳು. ಅವಳ ತಲೆಯಲ್ಲಿ ಆಗ ಹದಿನಾಲ್ಕು ಕ್ಲಿಪ್ಪು ಮತ್ತು ಒಂದೂವರೆ ಮಾರು ನೈಲಾನು ಹಗ್ಗ ಇತ್ತು. ನನಗೆ ಮೊದಲ ಬಾರಿ ಹೆದರಿಕೆಯಾಯಿತು.

ಆದರೆ ಬಿಡುವ ಆಸಾಮಿ ನಾನಲ್ಲ. ಶುಕ್ರವಾರ ಸಂಜೆ ಎಣ್ಣೆಯ ಪ್ರಯೋಗ. ವನಜ ಎಣ್ಣೆ ಎಂದದ್ದು ನೆನಪಿತ್ತು, ಎಷ್ಟು ಎಂದದ್ದು ನೆನಪಿರಲಿಲ್ಲ. ಅರ್ಧ ಬಾಟಲಿ ತೆಂಗಿನೆಣ್ಣೆ ಸುರಿದೆ. ಗಂಟು ಬೆರಳಿಗೆ ಸಿಗದೆ ಜಾರತೊಡಗಿತು. ಎಣ್ಣೆ ತೆಗೆಯಲು ಕಡಲೆ ಹಿಟ್ಟು ಒಳ್ಳೆಯದು ಎಂದು ಎಲ್ಲೋ ಕೇಳಿದ್ದೆ. ಒಂದು ಬಟ್ಟಲು ಹಿಟ್ಟು ತಲೆಗೆ ಹಾಕಿ ಮೇಲಿಂದ ಬಿಸಿನೀರು ಹೊಯ್ದೆ. ಎಣ್ಣೆ, ಕಡಲೆ ಹಿಟ್ಟು, ಬಿಸಿ. ಇನ್ನೊಂದು ಸ್ವಲ್ಪ ಉಪ್ಪು, ಓಮ ಬಿದ್ದಿದ್ದರೆ ಬಜ್ಜಿಯೇ ಆಗುತ್ತಿತ್ತು! ಪ್ರತಿಯೊಂದು ಗುಂಗುರಿನೊಳಗೂ ಹಿಟ್ಟಿನ ಸಣ್ಣ ಸಣ್ಣ ಉಂಡೆ ಕೂತಿತು.

ಈ ಬಾರಿ ಗಿರಿಜಕ್ಕ ಕಂಪೌಂಡಿನ ಆಚೆ ನಿಲ್ಲಲಿಲ್ಲ. ಗೇಟು ದೂಡಿಕೊಂಡು ಒಳಗೇ ಬಂದರು. ಸ್ವಾತಿಯ ತಲೆ ಮುಟ್ಟಿ ನೋಡಿದರು. ಮುಖದಲ್ಲಿದ್ದ ನಗೆ ಇಳಿಯಿತು.

"ಇದ್ ಇನ್ನ್ ಬಾಚಿರೂ ಬಿಡ್ತಿಲ್ಲೆ ಸುರೇಶ. ಗಂಟ್ ಕಲ್ಲಾಯ್ತ್. ಕತ್ತರ್ಸಿ ಬಾಬ್ ಕಟ್ ಮಾಡ್ಸ್. ಕೂದ್ಲ್ ಅಲ್ದಾ, ಬೆಳೀತ್."

ಕತ್ತರಿಯನ್ನೂ ಅವರೇ ತಂದುಕೊಟ್ಟು ಹೋದರು. ನಾನು ಅದನ್ನು ಕೈಯಲ್ಲಿ ಹಿಡಿದು ಮಗಳ ಹಿಂದೆ ನಿಂತೆ. ಮೂರು ದಿನ ಅವಳು ನೋವಿಗೆ ಕೂಗಿದ್ದಳೇ ಹೊರತು ಅತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು "ಎಳೀರಿ ಅಪ್ಪ, ನಾನ್ ಅಳುದಿಲ್ಲೆ" ಎನ್ನುತ್ತಿದ್ದಳು. ಈಗ ಕತ್ತರಿ ಕಂಡದ್ದೇ ಸದ್ದಿಲ್ಲದೆ ಕಣ್ಣೀರು ಇಳಿಯಿತು.

"ಅಪ್ಪ, ಬಾಬ್ ಕಟ್ಟಿಗೆ ಮೊಗ್ಗಿನ ಜಡೆ ನಿಲ್ತಾ?"

ಎರಡು ವರ್ಷ ಸ್ಕೇಲು ಹಿಡಿದು ಅಳೆದ ಕೂದಲು ಅದು. ಹಾಳು ಮಾಡಿದವನು ನಾನು, ಕಳೆದುಕೊಳ್ಳುವವಳು ಅವಳು. ಕತ್ತರಿಯನ್ನು ಅಟ್ಟದ ಮೇಲೆ ಎಸೆದೆ. "ಕತ್ತರ್ಸುದಿಲ್ಲೆ. ನಿನ್ನ ಅಪ್ಪನ ಮೇಲ್ ಆಣೆ!" ಎಂದೆ. ಅಪ್ಪನ ಯೋಗ್ಯತೆ ಗೊತ್ತಿದ್ದರಿಂದ ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಶನಿವಾರ ರಜೆ ಹಾಕಿ, ಅವಳ ತಲೆಗೆ ಬೈರಾಸು ಸುತ್ತಿ, ಬೆಳಗಿನ ಬೈಂದೂರು ಬಸ್ಸು ಹತ್ತಿದೆ. ಮರವಂತೆಯಲ್ಲಿ ಅಪ್ಪಯ್ಯ, ಅಮ್ಮ ನನ್ನ ಅಣ್ಣನ ಸಂಸಾರದ ಜೊತೆ ಇದ್ದರು. ಬಲೆಯ ಗಂಟು ಬಿಡಿಸುವುದರಲ್ಲಿ ನನಗಿಂತ ಮೇಲಿನವರು ಯಾರಾದರೂ ಇದ್ದರೆ ಅವರು ಅಪ್ಪಯ್ಯ ಮಾತ್ರ. ಮೇಲಧಿಕಾರಿಗೆ ಕಡತ ಮಂಡಿಸುವುದರಲ್ಲಿ ಅವಮಾನವೇನೂ ಇಲ್ಲ ಎಂದು ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಅಪ್ಪಯ್ಯ ಜಗಲಿಯಲ್ಲಿ ಹರಿದ ಬಲೆ ಹೆಣೆಯುತ್ತ ಕೂತಿದ್ದರು. ಬೈರಾಸು ಬಿಚ್ಚಿದೆ. ಅವರು ಕನ್ನಡಕ ಸರಿಮಾಡಿಕೊಂಡು ಮೊಮ್ಮಗಳ ತಲೆಯನ್ನು ಬಹಳ ಹೊತ್ತು ನೋಡಿದರು.

"ಇದಕ್ ಕೈ ಹಾಕದ್ದ್ ಯಾರಾ?"

"ನಾನೇ, ಅಪ್ಪಯ್ಯ."

"ಕಂಡ್ರೇ ಗೊತ್ತಾತ್ತ್."

ಅಷ್ಟೇ ಹೇಳಿ ಬಲೆ ಬದಿಗಿಟ್ಟರು. ಅಮ್ಮನನ್ನು ಕರೆದು ದಾಸವಾಳದ ಎಲೆ ಹಿಸುಕಿ ಲೋಳೆ ತರಲು ಹೇಳಿದರು. ಸ್ವಾತಿಯನ್ನು ಎರಡು ಮೊಣಕಾಲಿನ ನಡುವೆ ಕೂರಿಸಿಕೊಂಡರು. ಮೊದಲು ಹಿಟ್ಟೆಲ್ಲ ನೆನೆದು ಇಳಿಯುವಂತೆ ತಣ್ಣೀರು, ಆಮೇಲೆ ಆ ಲೋಳೆ. ಬಾಚಣಿಗೆ ಮುಟ್ಟಲೇ ಇಲ್ಲ. ಒಂದು ಕೈಯಲ್ಲಿ ಗಂಟಿನ ಮೇಲಿನ ಕೂದಲನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳ ತುದಿಯಲ್ಲಿ, ಕೆಳಗಿನ ತುದಿಯಿಂದ ಒಂದೊಂದೇ ಎಳೆ ಬಿಡಿಸತೊಡಗಿದರು.

"ನೋಯ್ತಾ ಮಗಾ?"

"ಇಲ್ಲೆ ಅಜ್ಜಯ್ಯ!" ಎಂದಳು ಸ್ವಾತಿ, ಆಶ್ಚರ್ಯದಿಂದ.

"ಮೇಲ್ ಹಿಡ್ಕಂಡ್ರೆ ಬುಡಕ್ಕ್ ಎಳೀತಿಲ್ಲೆ" ಎಂದರು ಅಪ್ಪಯ್ಯ. ಆಮೇಲೆ ನನ್ನ ಕಡೆ ತಿರುಗಿದರು. "ಕಾಣ್. ನೆಟ್ಟಗಿನ ಕೂದ್ಲ್ ಒಂದ್ರ ಬದಿಗ್ ಒಂದ್ ಸುಮ್ನೆ ಇರತ್ತ್. ಇದ್ ಸುರುಳಿ. ತನ್ನ ಮೈಗೆ ತಾನೇ ಸುತ್ತಿ, ಬದಿಯದ್ದನ್ನೂ ಸುತ್ಕಂತ್. ಒಣಗಿರೆ ಮತ್ತೂ ಹಿಡೀತ್. ಬಿಟ್ಕಂಡ್ ಮಲ್ಗಿರೆ, ಉಜ್ಜಿರೆ ಮುಗೀತ್. ಮೇಲಿಂದ ಎಳ್ದ್ರೆ ಹತ್ತ್ ಗಂಟ್ ಸೇರಿ ಒಂದಾತ್ತ್. ತುದಿಯಿಂದ ಬಿಡ್ಸ್ಕಂಡ್ ಮೇಲ್ ಹೋಯ್ಕ್. ಕೂದ್ಲಿಗೂ ಅಷ್ಟೇ, ಬಲೆಗೂ ಅಷ್ಟೇ."

ವನಜ ಹೊಸ್ತಿಲಲ್ಲಿ ನಿಂತು ಹೇಳಿದ್ದೂ ಇದನ್ನೇ. ನಾನು ಕೇಳಿಸಿಕೊಂಡದ್ದು ಪೇಪರಿನ ಸುದ್ದಿ ಮಾತ್ರ.

"ನಿಮ್ಗೆ ಕೂದ್ಲಿನ ವಿಷ್ಯ ಹ್ಯಾಂಗ್ ಗೊತ್ತ್ ಅಪ್ಪಯ್ಯ?"

"ನೀನ್ ಸಣ್ಣವ ಇಪ್ಪತಿಗೆ ನಿನ್ನ ತಲೆ ಇದ್ಕಿಂತ ಕಡೆ ಇದ್ದಿತ್ತ್. ನಿನ್ನ ಅಮ್ಮ ಬೆಳಿಗ್ಗೆ ಮೀನ್ ಮಾರುಕೆ ಹೋದ್ರೆ, ಶಾಲಿಗೆ ಹೋಪತಿಗೆ ನಿನ್ನ ತಲೆ ಬಾಚದ್ದ್ ಯಾರ್ ಅಂದ್ಕಂಡಿದ್ದೆ?"

ನನಗೆ ಅದು ನೆನಪೇ ಇರಲಿಲ್ಲ. ನೋವಾಗಿದ್ದರೆ ನೆನಪಿರುತ್ತಿತ್ತೋ ಏನೋ. ಮಧ್ಯಾಹ್ನದ ಗಂಜಿ ಊಟಕ್ಕೆ ಎದ್ದದ್ದು ಬಿಟ್ಟರೆ ಅಪ್ಪಯ್ಯ ಕದಲಲಿಲ್ಲ. ಮೂರು ಗಂಟೆಯ ಹೊತ್ತಿಗೆ ನಿಂಬೆಹಣ್ಣೂ ನೆಲ್ಲಿಕಾಯಿಯೂ ಮಾಯವಾಗಿದ್ದವು. ಚಪ್ಪಟೆಯದ್ದರಿಂದ ನನ್ನ ಬಾಚಣಿಗೆಯ ಐದು ಹಲ್ಲೂ ಒಂದು ಕ್ಲಿಪ್ಪೂ ಹೊರಬಂದವು. ಉದುರಿದ ಕೂದಲು ಒಂದು ಚಿಟಿಕೆ, ಅಷ್ಟೇ. ಅಮ್ಮ ಕೊನೆಯಲ್ಲಿ ಸ್ವಲ್ಪ ಎಣ್ಣೆ ಸವರಿ ಎರಡು ಜಡೆ ಹಾಕಿದರು. ಸ್ವಾತಿ ಕನ್ನಡಿಯ ಮುಂದಿನಿಂದ ಏಳಲೇ ಇಲ್ಲ.

ನನಗೆ ಎಷ್ಟು ಸಂತೋಷವಾಯಿತೆಂದರೆ, ಸುಮ್ಮನಿರಬೇಕಾದಲ್ಲಿ ಬಾಯಿ ಬಿಟ್ಟೆ. "ನಾನೂ ಬಲೆ ಬಿಡ್ಸ್ತಿದ್ದೆ ಅಲ್ದಾ ಅಪ್ಪಯ್ಯ? ನೀವೇ ಹೇಳ್ತಿದ್ರಿ, ನನ್ನ ಹಾಂಗೆ ಬಿಡ್ಸುವರ್ ಊರಗೇ ಇಲ್ಲೆ ಅಂತ. ಈಗ ಎಂತಕ್ ಹೀಂಗಾಯ್ತ್?"

ಅಪ್ಪಯ್ಯ ಬೆರಳಿನ ಲೋಳೆ ಒರೆಸಿಕೊಳ್ಳುತ್ತ ಅಮ್ಮನ ಮುಖ ನೋಡಿದರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

"ನಿನ್ನ ಹಾಂಗೆ ಬಿಡ್ಸುವರ್ ಈಗ್ಳೂ ಇಲ್ಲೆ" ಎಂದರು ಅಪ್ಪಯ್ಯ. "ನೀನ್ ಕೈ ಹಾಕದ್ ಜಾಗ ಯಾರಿಂದ್ಲೂ ಬಿಡ್ಸುಕೆ ಆತಿರ್ಲಿಲ್ಲೆ. ನೀ ಮಲ್ಗದ್ ಮೇಲೆ ನಾನ್ ಅಷ್ಟನ್ನೂ ಕೊಯ್ದ್ ಬಿಸಾಡಿ, ಹೊಸ್ತಾಗಿ ಹೆಣೀತಿದ್ದೆ."

"ಮತ್ತೆ ಹೊಗ್ಳದ್ದ್ ಎಂತಕ್ಕೆ?"

"ಹೊಗ್ಳಿರೆ ನೀನ್ ಒಂದ್ ಬದಿಗ್ ಕೂಕಂತಿದ್ದೆ ಮಾರಾಯ. ಇಲ್ದಿರೆ ಇಡೀ ಬಲೆ ಹಾಳ್ ಮಾಡ್ತಿದ್ದೆ. ಅದಕ್ಕೇ ಅಲ್ದಾ ನಿನ್ನ ಓದುಕೆ ಕಳ್ಸದ್ದ್!"

ನನ್ನ ವಿದ್ಯಾಭ್ಯಾಸದ ಹಿಂದೆ ಇಂಥ ಬಲವಾದ ಕಾರಣ ಇತ್ತೆಂದು ನನಗೆ ಅಂದೇ ತಿಳಿದದ್ದು. ಬುದ್ಧಿವಂತ ಹುಡುಗನೆಂದು ಶಾಲೆಗೆ ಕಳಿಸಿದರು ಎಂದುಕೊಂಡಿದ್ದೆ. ಬಲೆ ಉಳಿಸಲು ಕಳಿಸಿದ್ದರು! ಬ್ರಹ್ಮಾವರದ ಬಸ್ಸಿನಲ್ಲಿ ಕೂತು ನನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಪೆನ್ನು ಹಿಡಿಯಲು ಪರವಾಗಿಲ್ಲದ ಕೈಗಳು.

ಭಾನುವಾರ ಬೆಳಿಗ್ಗೆ ಸ್ವಾತಿಯ ಬೆನ್ನ ಮೇಲೆ ಮೊಗ್ಗಿನ ಜಡೆ ಇಳಿಯಿತು. ಸೊಂಟದವರೆಗೆ, ಒಣಗಿದ ಕೂದಲಿಗೇ! ಜಡೆ ಕಟ್ಟಿದ ಹೆಂಗಸು, "ಗುಂಗ್ರ್ ಕೂದ್ಲಗೆ ಒಂದ್ ಸಿಕ್ಕೂ ಇಲ್ಯಲೆ!" ಎಂದು ಹೇಳಿ ಹೋದರಂತೆ. ಫೋಟೋದವನು ಮುಖ ತಿರುಗಿಸು ಎಂದರೂ ಸ್ವಾತಿ ಪ್ರತಿ ಫೋಟೋದಲ್ಲೂ ಬೆನ್ನು ತೋರಿಸಿಯೇ ನಿಂತಳು. ವನಜಳ ಕಣ್ಣು ತುಂಬಿತು. ನನ್ನ ಹತ್ತಿರ ಬಂದು, ಮದುವೆಯಾದ ಹನ್ನೊಂದು ವರ್ಷದಲ್ಲಿ ಎಂದೂ ಆಡದ ದನಿಯಲ್ಲಿ, "ಖರೆ ಹೇಳ್ತೆ, ನಿಮ್ಮ ಕೈ ಅಂದ್ರೆ ಕೈಯೇ" ಎಂದಳು.

ನಾನು ವಿನಯದಿಂದ ತಲೆ ಬಾಗಿಸಿದೆ. ನಿಜ ಹೇಳುವ ಉದ್ದೇಶ ಖಂಡಿತ ಇತ್ತು, ಊಟವಾದ ಮೇಲೆ. ಅಷ್ಟರಲ್ಲಿ ಸ್ವಾತಿ, "ಅಮ್ಮ, ಅಪ್ಪ ನನ್ನನ್ನ ಹಗ್ಗಕ್ಕೆ ಕ್ಲಿಪ್ ಹಾಕಿ ಒಣ್ಗ್ಸಿದ್ದ್ರ್" ಎಂದು ಆರಂಭಿಸಿ, ಬಾಚಣಿಗೆ, ಟವೆಲು, ಕಡಲೆ ಹಿಟ್ಟು, ಕತ್ತರಿ, ಅಜ್ಜಯ್ಯ ಕೊಯ್ದು ಬಿಸಾಡಿದ ಬಲೆಯವರೆಗೆ ಒಂದನ್ನೂ ಬಿಡದೆ ವರದಿ ಒಪ್ಪಿಸಿದಳು. ಸುತ್ತ ನೆಂಟರಿದ್ದರು. ಪಾಯಸ ಬಡಿಸುವವರೂ ಪಾತ್ರೆ ಕೆಳಗಿಟ್ಟು ಕೇಳಿದರು.

ಅಂದಿನಿಂದ ನಮ್ಮ ಮನೆಯಲ್ಲಿ ತಲೆ ಬಾಚುವ ಹೊತ್ತಿಗೆ ನನಗೊಂದು ಖಾಯಂ ಹುದ್ದೆ ಇದೆ. ವನಜ ಬಾಚುವಾಗ ಎಣ್ಣೆಯ ಬಟ್ಟಲು ಹಿಡಿದು ಒಂದು ಬದಿಗೆ ಕೂರುವುದು. ನಾನು ತಪ್ಪದೆ ಕೂರುತ್ತೇನೆ, ಒಂದು ಹನಿ ಚೆಲ್ಲುವುದಿಲ್ಲ. ಸ್ವಾತಿ ಆಗಾಗ ನನ್ನ ಕಡೆ ತಿರುಗಿ, "ನಮ್ಮ ಅಪ್ಪನ ಹಾಂಗೆ ಬಟ್ಲ್ ಹಿಡಿಯುವರ್ ಈ ಊರಗೇ ಇಲ್ಲೆ" ಎಂದು ಹೊಗಳುತ್ತಾಳೆ.

ಯಾಕೆ ಹೊಗಳುತ್ತಾಳೆಂದು ಈಗ ನನಗೆ ಚೆನ್ನಾಗಿ ಗೊತ್ತು. ಆದರೂ ಖುಷಿಯಾಗುತ್ತದೆ!